ಪಾಕದ ಕೈ

ಹಮ್ಜಾ ಬೀಸಿದ ಸಟ್ಟುಗವನ್ನು ಜಯಪ್ರಕಾಶ ಎಡಗೈಯಲ್ಲೇ ಹಿಡಿದುಕೊಂಡ. ಕುದಿಯುವ ಕಬ್ಬಿನ ಹಾಲಿನಿಂದ ಆಗಷ್ಟೇ ಎತ್ತಿದ ಕಬ್ಬಿಣ ಅದು. ಬೇರೆ ಯಾರಾಗಿದ್ದರೂ ಅರಚಿಕೊಂಡು ಬಿಡುತ್ತಿದ್ದರು. ಜಯಪ್ರಕಾಶ ಬಿಡಲಿಲ್ಲ. ತಿರುಚಿ ಕಿತ್ತುಕೊಂಡು, ಅದೇ ಸಟ್ಟುಗದಿಂದ ಹಮ್ಜಾನ ಮಂಡಿಗೆ ಬಾರಿಸಿದ. ಹಮ್ಜಾ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಬಿದ್ದ. ಅವನ ಎದೆಯ ಮೇಲೆ ಕೂತು ಜಯಪ್ರಕಾಶ ಮುಖಕ್ಕೆ ಗುದ್ದತೊಡಗಿದ.

ಜಗಳಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಹಮ್ಜಾ ಕಬ್ಬಿನ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವಾಗ ನೀರಿನ ಡ್ರಮ್ಮಿಗೆ ತಾಗಿಸಿ ಉರುಳಿಸಿದ್ದ. ಜಯಪ್ರಕಾಶ ಅವನ ತಾಯಿಯನ್ನು ಮಾತಿಗೆಳೆದು ಬೈದ. ಅಲ್ಲಿಂದ ಮುಂದಕ್ಕೆ ಮಾತು ಬೇಕಾಗಲಿಲ್ಲ.

"ಸಾಕು ಬುಡ್ರೋ! ಪಾಕ ಹೋಯ್ತದೆ!" ಎಂದು ಕೂಗಿದವನು ಆಲೆಮನೆಯ ಯಜಮಾನ ಹೊನ್ನಯ್ಯ. ಹಮ್ಜಾನ ಮೂಗಿನಿಂದ ರಕ್ತ ಸುರಿಯುತ್ತಿದ್ದುದಕ್ಕಿಂತ, ಕೊಪ್ಪರಿಗೆಯಲ್ಲಿ ಬೆಲ್ಲ ಹದ ಮೀರುತ್ತಿದ್ದುದು ಅವನಿಗೆ ದೊಡ್ಡದಾಗಿತ್ತು. ಆ ಕೂಗಿಗೆ ಜಯಪ್ರಕಾಶ ಎದ್ದ. ಅಂಗಿ ಕೊಡವಿಕೊಂಡು ಬಂದು, ಕುದಿಯುವ ಪಾಕಕ್ಕೆ ಎಡಗೈಯ ಎರಡು ಬೆರಳು ಅದ್ದಿ ತೆಗೆದು, ಉಂಡೆ ಕಟ್ಟಿ ನೋಡಿ, "ಇಳಿಸ್ರಲಾ" ಎಂದ. ಒಲೆಯ ಸುತ್ತ ನಿಂತವರು ಸಿಳ್ಳೆ ಹಾಕಿದರು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಆ ಆಲೆಮನೆಗೆ ಜಯಪ್ರಕಾಶನ ಎಡಗೈಯಿಂದಲೇ ಹೆಸರು ಬಂದಿತ್ತು. ಪಾಕ ನೋಡುವವರೆಲ್ಲ ಕೈಯನ್ನು ತಣ್ಣೀರಿಗೆ ಅದ್ದಿ, ಚಿಟಿಕೆಯಷ್ಟು ಪಾಕ ಎತ್ತಿ, ಮತ್ತೆ ತಣ್ಣೀರಿಗೆ ಅದ್ದುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕಾದ ಕೆಲಸ. ಜಯಪ್ರಕಾಶನಿಗೆ ಈಚೆಗೆ ನೀರೇ ಬೇಕಿರಲಿಲ್ಲ. "ಕೈ ಪಳಗ್ಯದೆ" ಎನ್ನುತ್ತಿದ್ದ. ಹೊನ್ನಯ್ಯ ಬೆಲ್ಲ ಕೊಳ್ಳಲು ಬಂದವರನ್ನೆಲ್ಲ ಕರೆದು ಅದನ್ನು ತೋರಿಸುತ್ತಿದ್ದ. ಸುತ್ತಲ ಊರಿನವರು ಅದಕ್ಕೆ ಪಾಕದ ಕೈ ಎಂದು ಹೆಸರಿಟ್ಟಿದ್ದರು.

ಒಲೆಯ ಮುಂದೆ ದುಡಿಯುವವರ ಚರ್ಮ ದಪ್ಪಗಾಗುವುದು ಸಹಜ. ದಪ್ಪ ಚರ್ಮಕ್ಕೆ ಬಿಸಿ ತಡವಾಗಿ ತಿಳಿಯುತ್ತದೆ, ಆದರೆ ತಿಳಿಯುತ್ತದೆ. ತಡವಾಗಿ ತಿಳಿಯುವುದಕ್ಕೂ ತಿಳಿಯದೇ ಹೋಗುವುದಕ್ಕೂ ಇರುವ ದೂರವನ್ನು ಆ ಆಲೆಮನೆಯಲ್ಲಿ ಯಾರೂ ಅಳೆದು ನೋಡಿರಲಿಲ್ಲ.

ಅಂದು ಮಧ್ಯಾಹ್ನ ಗಾಣದ ಬೆಲ್ಟು ಕಿತ್ತುಹೋಯಿತು. ಹಲಗೂರಿನಿಂದ ಅಸದುಲ್ಲಾ ತನ್ನ ಲಗೇಜ್ ಆಟೋದಲ್ಲಿ ಬಂದ. ಅರವತ್ತರ ಹತ್ತಿರದ ಮೆಕ್ಯಾನಿಕ್ಕು. ಸುತ್ತಲಿನ ಗಾಣಗಳನ್ನೆಲ್ಲ ಬಿಚ್ಚಿ ಜೋಡಿಸಿದವನು. ಬೆಲ್ಟು ಹಾಕಿ ಕೈ ಒರೆಸಿಕೊಳ್ಳುವಾಗ ಅವನ ಮೂಗಿಗೆ ಸುಟ್ಟ ಚರ್ಮದ ವಾಸನೆ ಬಡಿಯಿತು. ತಿರುಗಿ ನೋಡಿದ. ಜಯಪ್ರಕಾಶ ಕಬ್ಬಿನ ಹೊರೆಯ ಮೇಲೆ ಕೂತು, ಹಮ್ಜಾನನ್ನು ಹೇಗೆ ಮಲಗಿಸಿದೆ ಎಂದು ಯಾರಿಗೋ ಹೇಳುತ್ತಿದ್ದ. ಎಡಗೈಯಲ್ಲಿದ್ದ ಬೀಡಿ ಉರಿದು ಉರಿದು ಬೆರಳಿಗೆ ಬಂದಿತ್ತು. ಕೆಂಡ ಬೆರಳ ಸಂದಿಯಲ್ಲೇ ಕೂತಿತ್ತು. ಅವನ ಮಾತು ನಿಂತಿರಲಿಲ್ಲ.

ಅಸದುಲ್ಲಾ ಅವನನ್ನು ಗಾಣದ ಹಿಂದಕ್ಕೆ ಕರೆದ.

"ಕೈ ಕೊಡ್ಲಾ ಇಲ್ಲಿ."

"ಯಾಕೆ ಸಾಬ್ರೆ? ಹಮ್ಜಾನ ಕಡೆಯಿಂದ ಪಂಚಾಯ್ತಿಗೆ ಬಂದ್ಯಾ?"

"ಅವನ ಮೂಗು ಅವ್ನು ನೋಡ್ಕೊತಾನೆ. ಕಣ್ ಮುಚ್ಕೊ. ನಾನು ಎಲ್ಲಿ ಮುಟ್ದೆ ಅಂತ ಹೇಳು."

ಜಯಪ್ರಕಾಶ ನಗುತ್ತ ಕಣ್ಣು ಮುಚ್ಚಿದ. ತುಸು ಹೊತ್ತಾದ ಮೇಲೆ, "ಮುಟ್ಟು ಮತ್ತೆ" ಎಂದ. ಕಣ್ಣು ಬಿಟ್ಟು ನೋಡಿದರೆ ಅಸದುಲ್ಲಾ ಅವನ ಕಿರುಬೆರಳನ್ನು ಉಗುರಿನಿಂದ ಒತ್ತಿ ಹಿಡಿದಿದ್ದ. ಉಗುರು ಚರ್ಮದೊಳಗೆ ಇಳಿದಿತ್ತು.

"ಆಟ ಆಡ್ತೀಯಾ?"

"ಮೊಣಕೈ ತಾವು ಬೆಳ್ಳಗೆ ಮಚ್ಚೆ ಅದ್ಯಲ್ಲ, ಯಾವಾಗಿಂದು?"

"ಬಿಸಿಲಿಗೆ ಬಂದಿರೋದು."

"ಅದು ಬೆವರ್ತದಾ?"

ಜಯಪ್ರಕಾಶ ಮೊಣಕೈ ತಿರುವಿ ನೋಡಿಕೊಂಡ. ತನ್ನ ಮೈಯ ಒಂದು ತುಂಡು ಬೆವರುತ್ತದೋ ಇಲ್ಲವೋ ಎಂದು ಯಾರು ನೋಡಿಕೊಳ್ಳುತ್ತಾರೆ?

ಅಸದುಲ್ಲಾ ದನಿ ತಗ್ಗಿಸಿದ. "ನಮ್ಮಮ್ಮ ಸುಲ್ತಾನ್ ಬೀ ಕಾವಲಿ ಮೇಲಿನ ರೊಟ್ಟೀನ ಬರೀ ಕೈಲಿ ತಿರುವಾಕೋಳು. ನಾವು ಮಕ್ಕಳು ಬೇರೆ ಹುಡುಗ್ರನ್ನ ಕರ್ಕೊಂಡ್ ಬಂದು ತೋರಿಸ್ತಿದ್ದೊ, ನೋಡ್ರಲಾ ನಮ್ಮಮ್ಮನ ಕೈ ಅಂತ. ಆಮೇಲೆ ಬೆರಳು ಒಂದೊಂದಾಗಿ ಮಡಚ್ಕೊಂಡೊ. ಗಾಯ ಆದ್ರೂ ಗೊತ್ತಾಗದೆ ಕೊಳ್ತೋದೊ. ದೊಡ್ಡ ರೋಗ ಕಣ್ಲಾ ಅದು. ಸುರೂನಲ್ಲಿ ಇಂಗೇ ಇರ್ತದೆ, ನೋವೇ ಇರಾಕಿಲ್ಲ. ಅವಾಗ ನಮಗೆ ಗೊತ್ತಿರ್ಲಿಲ್ಲ. ಈಗ ಮಾತ್ರೆ ಅದೆ, ಪೂರ್ತಾ ವಾಸಿ ಆಯ್ತದೆ. ನಾಳೆ ಮಂಡ್ಯಕ್ಕೆ ನಾನೇ ಕರ್ಕೊಂಡೋಯ್ತೀನಿ, ಯಾರ್ಗೂ ಏಳ್ಬ್ಯಾಡ."

ಜಯಪ್ರಕಾಶನ ಬಲಗೈ ಮುಷ್ಟಿ ಅಸದುಲ್ಲಾನ ಬಾಯಿಗೆ ಬಿತ್ತು. ಮುದುಕ ಗಾಣದ ಚಕ್ರಕ್ಕೆ ಒರಗಿ ಕುಸಿದ. ಜಯಪ್ರಕಾಶ ಇನ್ನೆರಡು ಬಾರಿ ಗುದ್ದಿ, ಹೊಟ್ಟೆಗೆ ಒದ್ದ.

"ನಂಗೆ ದೊಡ್ಡ ರೋಗ ಅಂತೀಯಾ? ನಂಗೆ? ನಿಮ್ಮಮ್ಮನ ಕೊಳೆತ ಕೈನ ನನ್ ಕೈಗೆ ಓಲಿಸ್ತೀಯಾ?"

ಅಸದುಲ್ಲಾ ಪಿಸುಗುಟ್ಟಿದ್ದನ್ನು ಆಲೆಮನೆಗೆಲ್ಲ ಕೇಳುವಂತೆ ಕೂಗಿದವನು ಜಯಪ್ರಕಾಶನೇ. ಆಳುಗಳು ಓಡಿ ಬಂದು ಬಿಡಿಸಿದರು. ಅಸದುಲ್ಲಾ ಬಾಯೊಳಗೆ ಬೆರಳು ಹಾಕಿ ಮುಂದಿನ ಹಲ್ಲೊಂದನ್ನು ತೆಗೆದು ನೋಡಿದ. ಅದನ್ನು ಜೇಬಿಗೆ ಹಾಕಿಕೊಂಡು, ಬೋಲ್ಟು ಬಿಚ್ಚುವ ಪಾನಾಗಳನ್ನು ಆಯ್ದುಕೊಂಡು, ಆಟೋ ಹತ್ತಿದ.

ಮಾತು ಜಯಪ್ರಕಾಶನಿಗಿಂತ ಮೊದಲೇ ಅವನ ಮನೆ ತಲುಪಿತು. ಹೆಂಡತಿ ವೀಣ ಹೊಳಲಿನವಳು. ಹೊಡೆತ ತಿಂದು ಅಭ್ಯಾಸವಿದ್ದರೂ ಹೇಳಬೇಕಾದ್ದನ್ನು ನುಂಗಿಕೊಳ್ಳುವ ಜಾತಿಯಲ್ಲ. ಗಂಡ ಒಳಗೆ ಬರುತ್ತಿದ್ದಂತೆ ಕೇಳಿದಳು.

"ಸಾಬ್ರು ಏಳಿದ್ದು ದಿಟವಾ? ಕೈ ತೋರ್ಸು."

"ನೀನೂ ಸುರು ಮಾಡ್ಕೊಂಡ್ಯಾ?"

"ಮನೇಲಿ ಮಗು ಅದೆ. ತೋರ್ಸು ಅಂದೆ, ಅಷ್ಟೇ."

ಬಲಗೈಯಿಂದ ಕೆನ್ನೆಗೆ ಬಿತ್ತು. ಅವಳು ಎರಡನೆಯ ಏಟು ತಡೆಯಲು ಕೈ ಎತ್ತಿದಾಗ ಅವನು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು ಹಿಂಡಿದ. ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ ಎಂದು ಆ ಕೈಗೆ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಆ ಗಳಿಗೆಯಲ್ಲಿ ಅವನಿಗಿರಲಿಲ್ಲ. ಹಸಿರು ಗಾಜಿನ ಬಳೆಗಳು ಪಟಪಟ ಒಡೆದವು. ಕೋಣೆಯ ಬಾಗಿಲಲ್ಲಿ ಆರು ವರ್ಷದ ಮಗಳು ದೀಪಿಕ ನಿಂತಿದ್ದುದನ್ನು ಕಂಡು ಅವನು ಬಿಟ್ಟ.

ಆಮೇಲೆ, ಏನೂ ಆಗಿಲ್ಲವೆಂಬಂತೆ ಉಣ್ಣಲು ಕೂತ. ವೀಣ ಮುದ್ದೆ ಸಾರು ಇಟ್ಟು ಗೋಡೆಗೆ ಒರಗಿ ನಿಂತಳು. ಎಡಗೈಯಲ್ಲಿ ತಟ್ಟೆ ಹಿಡಿದು ಎರಡು ತುತ್ತು ನುಂಗಿದವನು ತಲೆ ಎತ್ತಿದ.

"ನಿನ್ ಕೈ ರಕ್ತ ತಟ್ಟೆಗೆ ಬೀಳ್ತದೆ, ಅತ್ಲಾಗ್ ಓಗು."

"ನಾನು ಇಲ್ಲಿವ್ನಿ" ಎಂದಳು ವೀಣ, ಗೋಡೆಯ ಬಳಿಯಿಂದ.

ಅವನು ತಟ್ಟೆ ಇಳಿಸಿ ಎಡಗೈ ತಿರುವಿದ. ಅಂಗೈಯಲ್ಲಿ ಬಳೆಯ ಚೂರೊಂದು ಅರ್ಧ ಇಳಿದು ನಿಂತಿತ್ತು. ಬೇರೆಯವರ ಕೈಯನ್ನು ನೋಡುವಂತೆ ಅದನ್ನು ನೋಡಿದ. ಅವನ ಮುಖದಲ್ಲಿ ಅಂದು ಮೊದಲ ಬಾರಿಗೆ ಹೆದರಿಕೆ ಕಂಡಿತು. ವೀಣ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಚೂರನ್ನು ಕಿತ್ತು ಅಂಗಳಕ್ಕೆ ಎಸೆದು, "ಪಾಕದ ಕೈ ಇದು, ಬಳೆ ಚೂರು ಏನ್ ಮಾಡ್ತದೆ" ಎಂದ. ಮುದ್ದೆ ಮುಗಿಸದೆ ಎದ್ದ.

ಇಷ್ಟೆಲ್ಲ ಒರಟನಾದರೂ ಮಗಳ ಮುಂದೆ ಜಯಪ್ರಕಾಶ ಬೇರೆಯೇ ಮನುಷ್ಯ. ಭಾನುವಾರದ ಎಣ್ಣೆನೀರು ಅವನದೇ ಕೆಲಸ. ಹಂಡೆಗೆ ಉರಿ ಹಾಕಿ, ಮಗಳ ತಲೆಗೆ ಎಣ್ಣೆ ತಟ್ಟಿ, ಸೀಗೆಪುಡಿ ಕಣ್ಣಿಗೆ ಹೋಗದಂತೆ ಹಣೆಗೆ ಅಂಗೈ ಅಡ್ಡ ಹಿಡಿದು ಉಜ್ಜುತ್ತಿದ್ದ. ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡಿಕೊಡುವುದಷ್ಟೇ ವೀಣಳ ಪಾಲು.

ಆ ಭಾನುವಾರ ವೀಣಳ ಮಣಿಕಟ್ಟು ಊದಿಕೊಂಡಿತ್ತು. "ಬಿಂದಿಗೆ ಎತ್ತಕ್ಕಾಗಾಕಿಲ್ಲ, ನೀನೇ ಬೆರೆಸ್ಕೊ" ಎಂದು ಹಿತ್ತಲಿಗೆ ಹೋದಳು. ಜಯಪ್ರಕಾಶ ಹಂಡೆಯಿಂದ ಬಕೆಟ್ಟಿಗೆ ನೀರು ಮೊಗೆದ, ಒಂದಿಷ್ಟು ತಣ್ಣೀರು ಸುರಿದ. ಬಲಗೈ ತುಂಬ ಸೀಗೆಪುಡಿ ಇತ್ತು. ಎಡಗೈಯನ್ನು ಬಕೆಟ್ಟಿಗೆ ಇಳಿಸಿ ನೋಡಿದ. ತಣ್ಣಗಿದೆ ಎನ್ನಿಸಿತು. ಹಂಡೆಯಿಂದ ಇನ್ನೆರಡು ಚೊಂಬು ಬಿಸಿನೀರು ಬೆರೆಸಿದ. ಮತ್ತೆ ನೋಡಿದ. ಸರಿಯಾಗಿದೆ ಎಂದುಕೊಂಡ. ಚೊಂಬು ತುಂಬಿ ಮಗಳ ಬೆನ್ನಿಗೆ ಸುರಿದ.

ದೀಪಿಕಳ ಕೂಗು ಎರಡು ಬೀದಿಗೆ ಕೇಳಿತು. ಅವಳು ಒದ್ದಾಡಿದ್ದನ್ನು ಸೀಗೆಪುಡಿ ಕಣ್ಣಿಗೆ ಹೋಯಿತೆಂದುಕೊಂಡು ಅವನು ಇನ್ನೊಂದು ಚೊಂಬು ಸುರಿದುಬಿಟ್ಟ.

ವೀಣ ಓಡಿ ಬಂದಾಗ ಮಗುವಿನ ಭುಜದ ಚರ್ಮ ಒದ್ದೆ ಕಾಗದದಂತೆ ಸರಿದಿತ್ತು. ಅವಳು ಬಕೆಟ್ಟಿಗೆ ಬೆರಳಿಟ್ಟು ಹಾ ಎಂದು ಹಿಂದೆಳೆದುಕೊಂಡಳು.

"ನನ್ ಮ್ಯಾಗಿನ ಸಿಟ್ಟ ಮಗೀನ ಮ್ಯಾಲೆ ತೀರಿಸ್ಕೊಂಡ್ಯಾ, ಪಾಪಿ!"

ಹಿತ್ತಾಳೆಯ ಚೊಂಬನ್ನು ಕಿತ್ತುಕೊಂಡು ಅವನ ಹಣೆಗೆ ಬಡಿದಳು. ಹಣೆ ಸೀಳಿತು. ಮತ್ತೆ ಬಡಿದಳು. ಅವನು ತಡೆಯಲಿಲ್ಲ. ಎಡಗೈಯನ್ನು ಬಕೆಟ್ಟಿನೊಳಗೆ ಮಣಿಕಟ್ಟಿನವರೆಗೆ ಇಳಿಸಿಟ್ಟುಕೊಂಡು, "ತಣ್ಣಗದೆ ಕಣೇ! ನೋಡೇ, ತಣ್ಣಗದೆ!" ಎಂದು ಕೂಗುತ್ತಲೇ ಇದ್ದ. ವೀಣ ಬಕೆಟ್ಟನ್ನು ಒದ್ದಳು. ನೀರು ಹಬೆಯಾಡುತ್ತ ಬಚ್ಚಲಿಗೆ ಹರಿದುಹೋಯಿತು.

ಪಕ್ಕದ ಮನೆಯ ಮುದುಕಿ ಚಿಕ್ಕಬೋರಮ್ಮ ಮಗುವನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಕೂರಿಸಿದಳು. ಯಾರೋ ಇಂಕು ತಂದರು, ಯಾರೋ ಟೂತ್‌ಪೇಸ್ಟ್ ತಂದರು. "ಏನೂ ಅಚ್ಬ್ಯಾಡ್ರಿ, ಬರೀ ತಣ್ಣೀರು ಬುಡ್ರಿ" ಎಂದು ಮುದುಕಿ ಎಲ್ಲರ ಕೈ ತಳ್ಳಿದಳು. ಆಟೋ ಬರುವವರೆಗೂ ನಲ್ಲಿ ನಿಲ್ಲಿಸಲಿಲ್ಲ. ತೆಳ್ಳನೆ ಬಟ್ಟೆ ಹೊದಿಸಿ ಮಗುವನ್ನು ಮಂಡ್ಯದ ಆಸ್ಪತ್ರೆಗೆ ಒಯ್ದರು. ಹಿಂದೆ ಓಡಿದ ಜಯಪ್ರಕಾಶನ ಮೇಲೆ ಬೀದಿಯವರು ಕಲ್ಲು ತೂರಿದರು.

"ಕೈ ಇಟ್ಟು ನೋಡಿದೆ ಕಣ್ರೀ" ಎಂದು ಅವನು ಸಿಕ್ಕವರಿಗೆಲ್ಲ ಹೇಳಿದ. ಹೆಂಡತಿಗೆ ಹೊಡೆಯುವವನ, ಮುದುಕನ ಹಲ್ಲು ಮುರಿದವನ ಮಾತನ್ನು ಯಾರು ನಂಬುತ್ತಾರೆ? ಇಷ್ಟು ದಿನ ಅವನ ಕೈಯನ್ನು ಹೊಗಳಿದವರೇ ಈಗ ಅವನ ಮುಖಕ್ಕೆ ಉಗಿದರು. ಆಸ್ಪತ್ರೆಯ ಬಾಗಿಲಲ್ಲಿ ವೀಣ, "ಒಳಕ್ಕೆ ಬಂದ್ರೆ ಪೋಲೀಸ್ ಕರೀತೀನಿ" ಎಂದಳು. ಅವನು ವಾಪಸು ಬಂದು ಆಲೆಮನೆಯಲ್ಲಿ ಬಿದ್ದುಕೊಂಡ. ಬೇರೆ ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ.

ಮಂಗಳವಾರ ಬೆಳಗ್ಗೆ ಗಾಣ ಮತ್ತೆ ಕೈಕೊಟ್ಟಿತು. ಅಸದುಲ್ಲಾ ಬರುವುದಿಲ್ಲವೆಂದುಕೊಂಡಿದ್ದ ಹೊನ್ನಯ್ಯನಿಗೆ ಅಚ್ಚರಿ, ಮುದುಕ ಬಂದ. ಬಾಯಿ ಇನ್ನೂ ಊದಿಕೊಂಡಿತ್ತು.

"ಗಾಣ ನಂಗೇನು ಮಾಡಿತ್ತು? ಅದ್ರ ಮ್ಯಾಲೆ ಯಾಕೆ ಸಿಟ್ಟು?" ಎಂದ. ಮುರಿದ ಹಲ್ಲಿನ ಸಂದಿಯಿಂದ ಗಾಳಿ ಸಿಳ್ಳಿನಂತೆ ಬಂತು. "ನೋಡಪ್ಪ, ಇನ್ಮ್ಯಾಲೆ ಸಿಳ್ಳೆ ಒಡೆಯಕ್ಕೆ ಬೆರಳೂ ಬ್ಯಾಡ ನಂಗೆ."

ಬೋಲ್ಟು ತಿರುಗಿಸುತ್ತಿದ್ದಾಗ ಹೊನ್ನಯ್ಯ ಮಗುವಿನ ಸುದ್ದಿ ಹೇಳಿದ. ಅಸದುಲ್ಲಾನ ಕೈ ನಿಂತಿತು.

"ಯಾವ ಕೈಲಿ ನೀರು ನೋಡಿದ್ನಂತೆ?"

"ಯಾವ ಕೈ ಆದ್ರೇನು ಸಾಬ್ರೆ?"

"ಅಯ್ಯೋ, ಕೇಳೋ ಮಾರಾಯ! ಯಾವ ಕೈ?"

ಉತ್ತರ ಬರುವ ಮೊದಲೇ ಬಾಗಿಲಲ್ಲಿ ಎರಡು ಬೈಕು ನಿಂತವು. ವೀಣಳ ಅಣ್ಣ ಶಶಿಧರ್, ಹೊಳಲಿನ ಇಬ್ಬರು ಗಟ್ಟಿ ಆಳುಗಳೊಂದಿಗೆ ಇಳಿದ. ಮೂವರೂ ನೇರ ಒಲೆಯ ಬಳಿಗೆ ಹೋದರು. ಜಯಪ್ರಕಾಶ ಎದ್ದು ನಿಂತು, "ಭಾವ, ಮಗು ಎಂಗದೆ?" ಎಂದ.

ಶಶಿಧರ್ ಉತ್ತರವಾಗಿ ಕಬ್ಬಿನ ಗಳದಿಂದ ಅವನ ಕಿವಿಯ ಮೇಲೆ ಹೊಡೆದ. ಗಳ ಮುರಿಯಿತು. ಇನ್ನೊಂದು ತೆಗೆದುಕೊಂಡ. ಬೆನ್ನಿಗೆ, ತೊಡೆಗೆ, ಮುಖಕ್ಕೆ. ಜಯಪ್ರಕಾಶ ಒಮ್ಮೆ ಬಲಗೈ ಮುಷ್ಟಿ ಎತ್ತಿ, ಯಾಕೋ ಇಳಿಸಿದ. ಬಿದ್ದವನನ್ನು ಇಬ್ಬರೂ ತುಳಿದರು. ದೂರದಲ್ಲಿ ಮೂಗಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಹಮ್ಜಾ ಓಡಿ ಬಂದು ಕಾಲು ಹಿಡಿದುಕೊಂಡ. ಹಳೆಯ ಬಾಕಿ ತೀರಿಸಿಕೊಳ್ಳುವ ಹುಮ್ಮಸ್ಸು ಅವನದು.

"ಮಗೀಗೆ ಬಿಸಿನೀರು ಉಯ್ದ್ಯಲ್ಲ. ಬಿಸಿ ಅಂದ್ರೆ ಏನು ಅಂತ ನಿಂಗೂ ಗೊತ್ತಾಗ್ಲಿ. ಎತ್ರಲಾ ಇವ್ನ!"

ಎಳೆದುಕೊಂಡು ಕೊಪ್ಪರಿಗೆಯ ಬಳಿಗೆ ತಂದರು. ಕೆಳಗೆ ಸಿಪ್ಪೆಯ ಉರಿ ಭುಗಿಲೆನ್ನುತ್ತಿತ್ತು. "ಬ್ಯಾಡ ಭಾವ, ಬ್ಯಾಡ ಕಣಪ್ಪೋ" ಎಂದು ಜಯಪ್ರಕಾಶ ಹೆದರಿ ಅರಚಿದ. ಹೊನ್ನಯ್ಯ ಅಡ್ಡ ಬರಲು ಹೋಗಿ ಬೈಗುಳ ತಿಂದು ಹಿಂದೆ ಸರಿದ. ಅಸದುಲ್ಲಾ ಪಾನಾ ಎಸೆದು ಓಡಿದ. "ತಡೀರಪ್ಪ, ನನ್ ಮಾತು ಒಂಚೂರು ಕೇಳ್ರಿ, ಆ ಕೈಗೆ..." ಎನ್ನುವಷ್ಟರಲ್ಲಿ ಒಬ್ಬ ಅವನನ್ನು ತಳ್ಳಿ ಕೆಡವಿದ.

ಶಶಿಧರ್ ಜಯಪ್ರಕಾಶನ ಎಡ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು, ಅಂಗೈಯನ್ನು ಕೊಪ್ಪರಿಗೆಯ ಕಾದ ಅಂಚಿಗೆ ಒತ್ತಿದ.

ಚುಂಯ್ ಎಂದಿತು. ಮಾಂಸ ಸುಟ್ಟ ವಾಸನೆ ಎದ್ದಿತು.

ಎಲ್ಲರೂ ಕೂಗಿಗಾಗಿ ಕಾದರು. ಜಯಪ್ರಕಾಶನೂ ಹಲ್ಲು ಕಚ್ಚಿ, ಕಣ್ಣು ಬಿಗಿದು, ತನ್ನದೇ ಕೂಗಿಗಾಗಿ ಕಾದ. ಅದು ಬರಲಿಲ್ಲ.

ಅವನು ಕಣ್ಣು ಬಿಟ್ಟ. ತನ್ನ ಕೈ ಎಲ್ಲಿದೆ ಎಂದು ನೋಡಿದ. ಹೊಗೆ ಬೆರಳ ಸಂದಿಯಿಂದ ಏಳುತ್ತಿತ್ತು. ಶಶಿಧರ್ ಬೆಚ್ಚಿಬಿದ್ದು ಹಿಡಿತ ಬಿಟ್ಟ. ಆ ಮೇಲೂ ಕೈ ಒಂದು ಕ್ಷಣ ಅಲ್ಲೇ ಇತ್ತು. ಹಮ್ಜಾ ಕಾಲು ಬಿಟ್ಟು ಹಿಂದೆ ಸರಿದು, "ಯಾ ಅಲ್ಲಾ" ಎಂದ.

ಜಯಪ್ರಕಾಶ ನಿಧಾನವಾಗಿ ಎದ್ದು ನಿಂತ. ಯಾರೂ ಹೇಳದಿದ್ದರೂ ಬಲಗೈಯ ಒಂದು ಬೆರಳನ್ನು ಅದೇ ಅಂಚಿಗೆ ತಾಗಿಸಿದ. "ಅಯ್ಯಯ್ಯಪ್ಪೋ!" ಎಂದು ಕಿತ್ತುಕೊಂಡ. ಬೆರಳನ್ನು ಬಾಯಿಗಿಟ್ಟುಕೊಂಡು ಎರಡೂ ಕೈಯನ್ನು ಬದಲಿಸಿ ಬದಲಿಸಿ ನೋಡಿದ. ಒಂದು ಕೈ ಉರಿಯುತ್ತಿತ್ತು, ಬರೀ ಬೆರಳ ತುದಿಯಷ್ಟು. ಇನ್ನೊಂದು ಸುಟ್ಟು ಸುಲಿದಿತ್ತು, ಅದು ಸುಮ್ಮನಿತ್ತು.

ಅವನು ಸಿಪ್ಪೆಯ ರಾಶಿಯ ಮೇಲೆ ಕುಸಿದು ಕೂತ.

"ಅವತ್ತು ನೀರು ಬಿಸಿ ಇತ್ತು" ಎಂದ. ಯಾರಿಗೂ ಹೇಳಿದ್ದಲ್ಲ. "ನೀರು ಬಿಸಿ ಇತ್ತು. ಮಗು ಕೂಗ್ತು. ನಾನು ಇನ್ನೊಂದು ಚೊಂಬು ಉಯ್ದೆ."

ಆಮೇಲೆ ಅತ್ತ. ಆ ಅಳುವಿಗೆ ಹೊಡೆಯಲು ಬಂದವರೂ ತಲೆ ತಗ್ಗಿಸಿದರು.

ಅಸದುಲ್ಲಾ ಮೇಲೆದ್ದು ಬಂದು ಸುಟ್ಟ ಕೈಯನ್ನು ನೀರಿನ ಡ್ರಮ್ಮಿಗೆ ಅದ್ದಿ ಹಿಡಿದ. ಹಿಡಿದೇ ಹೇಳಿದ: "ಇವ್ನು ಸುಳ್ಳು ಏಳ್ಲಿಲ್ಲ ಕಣ್ರಪ್ಪ. ಸುಳ್ಳು ಏಳಿದ್ದು ಈ ಕೈ. ನೀವು ಅದಕ್ಕೆ ಸಿಳ್ಳೆ ಒಡೆದ್ರಿ." ಶಶಿಧರನ ಕಡೆ ತಿರುಗಿ, "ಆಟೋ ಅದೆ. ಇವ್ನ ಎತ್ಕೊ. ಮಂಡ್ಯಕ್ಕೆ ಓಗವಾ" ಎಂದ.

ಶಶಿಧರ್ ಒಂದು ತೋಳಿಗೆ, ಹಮ್ಜಾ ಇನ್ನೊಂದು ತೋಳಿಗೆ ಹೆಗಲು ಕೊಟ್ಟರು.

ಆಸ್ಪತ್ರೆಯ ಡಾಕ್ಟರಮ್ಮ ಸುಟ್ಟ ಗಾಯಕ್ಕೆ ಪಟ್ಟಿ ಹಾಕಿಸಿ, ಆಮೇಲೆ ಮಚ್ಚೆಯನ್ನು ಹತ್ತಿಯ ಎಳೆಯಿಂದ ಸವರಿ ನೋಡಿದರು. ಮೊಣಕೈಯ ಹಿಂದೆ ಬೆರಳಾಡಿಸಿ, ಅಲ್ಲಿ ನರ ದಾರದಂತೆ ದಪ್ಪಗಾಗಿದೆ ಎಂದರು. ಕುಷ್ಠ ಎಂಬ ಮಾತನ್ನು ಅವರು ನೆಗಡಿ ಎಂದಷ್ಟೇ ಸಲೀಸಾಗಿ ಹೇಳಿದರು. ಮಾತ್ರೆ ಸರ್ಕಾರದ್ದು, ದುಡ್ಡಿಲ್ಲ. ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ನುಂಗಲು ಶುರು ಮಾಡಿದ ಮೇಲೆ ಮನೆಯವರಿಗೆ ಅಂಟುವ ಭಯವಿಲ್ಲ. ಆದರೂ ಹೆಂಡತಿ ಮಗಳನ್ನು ಒಮ್ಮೆ ಪರೀಕ್ಷೆ ಮಾಡಬೇಕು. ರೋಗ ಹೋಗುತ್ತದೆ. ಸತ್ತ ಸ್ಪರ್ಶ ಎಷ್ಟು ವಾಪಸು ಬರುತ್ತದೆಂದು ಹೇಳಲಾಗುವುದಿಲ್ಲ.

"ಕಿರುಬೆರಳು ಆಗಲೇ ಬಗ್ಗಿದೆ ನೋಡಿ. ಇನ್ನಷ್ಟು ದಿನ ಬಿಟ್ಟಿದ್ದರೆ ಉಳಿದವೂ ಹೀಗೇ ಆಗುತ್ತಿದ್ದವು. ಮೊದಲೇ ಯಾರೂ ಹೇಳಲಿಲ್ಲವೇ?"

ಜಯಪ್ರಕಾಶ ಅಸದುಲ್ಲಾನ ಬಾಯಿ ನೋಡಿದ. ಅಸದುಲ್ಲಾ ಗೋಡೆಯ ಮೇಲಿದ್ದ ಕ್ಯಾಲೆಂಡರು ನೋಡಿದ.

ಶಶಿಧರ್ ಮೇಲಿನ ವಾರ್ಡಿಗೆ ಹೋಗಿ ತಂಗಿಗೆ ಎಲ್ಲ ಹೇಳಿದ. ವೀಣ ಇಳಿದು ಬಂದಳು. ನಿದ್ದೆಗೆಟ್ಟ ಕಣ್ಣು, ಮಣಿಕಟ್ಟಿಗೆ ಸುತ್ತಿದ ಬಟ್ಟೆ. ಬೆಂಚಿನ ಮೇಲೆ ಕೂತಿದ್ದ ಗಂಡನ ಮುಂದೆ ನಿಂತು, ಪಟ್ಟಿ ಸುತ್ತಿದ ಎಡಗೈಯನ್ನು ಬಹಳ ಹೊತ್ತು ನೋಡಿದಳು. ಅವನು ಕ್ಷಮೆ ಕೇಳಲು ಬಾಯಿ ತೆರೆದಾಗ ತಡೆದಳು.

"ನೀರು ಈ ಕೈ ತಪ್ಪು. ನೀನು ಬೇಕಂತ ಮಾಡ್ನಿಲ್ಲ. ಚೊಂಬ್ನಲ್ಲಿ ಒಡೆದೆ ನಾನು, ಅದು ನನ್ ತಪ್ಪು. ಅದ್ನ ಇಲ್ಲಿಗೆ ಬುಟ್ಟುಬುಡವಾ."

"ವೀಣಾ..."

"ಇನ್ನೂ ಮುಗ್ದಿಲ್ಲ. ನನ್ ಕೆನ್ನೆಗೆ ಒಡೆದಿದ್ದು ಯಾವ ಕೈ? ಸಾಬ್ರ ಹಲ್ಲು ಮುರ್ದಿದ್ದು ಯಾವ ಕೈ?"

ಅವನು ಬಲಗೈಯನ್ನು ಮಡಿಲಿಗೆ ಎಳೆದುಕೊಂಡ.

"ಆ ಕೈಗೆ ಎಲ್ಲಾ ಗೊತ್ತಾಯ್ತದೆ. ಬಿಸಿ ಗೊತ್ತಾಯ್ತದೆ, ನೋವು ಗೊತ್ತಾಯ್ತದೆ. ಅದಕ್ಕೆ ಯಾವ ರೋಗ? ಅದಕ್ಕೂ ಮಾತ್ರೆ ಅದಾ ಅಂತ ಡಾಕ್ಟರಮ್ಮನ್ನ ಕೇಳ್ಕೊಂಡ್ ಬಾ. ಅಲ್ಲೀಗಂಟ ನಾನೂ ಮಗಳೂ ಹೊಳಲಲ್ಲಿರ್ತೀವಿ."

ಅವಳು ಮೆಟ್ಟಿಲು ಹತ್ತಿ ಹೋದಳು. ಶಶಿಧರ್ ತಂಗಿಯ ಗಂಡನ ಪಕ್ಕ ಕೂತ. ಆಮೇಲೆ ಎದ್ದು ಅಂಗಡಿಗೆ ಹೋಗಿ ಟೀ ತಂದ. ಲೋಟವನ್ನು ಎಡಗೈಗೆ ಕೊಡಹೋಗಿ, ನೆನಪಾಗಿ, ಬಲಗೈಗೆ ಕೊಟ್ಟ.

ಗಾಯ ಮಾಯುವವರೆಗೂ ಜಯಪ್ರಕಾಶ ಮನೆ ಬಿಟ್ಟು ಹೊರಬರಲಿಲ್ಲ. ಮೊದಲ ಮಾತ್ರೆಗೆ ಮೂತ್ರ ಕೆಂಪಗಾದಾಗ ಸತ್ತೇ ಹೋದೆನೆಂದು ಕೂಗಿಕೊಂಡ. ಅದು ಮಾತ್ರೆಯ ಬಣ್ಣ ಎಂದು ಹೇಳಲು ಅಸದುಲ್ಲಾ ಹಲಗೂರಿನಿಂದ ಬರಬೇಕಾಯಿತು. ಅಂದು ಜಯಪ್ರಕಾಶ ಅವನ ಕಾಲು ಹಿಡಿಯಲು ಬಗ್ಗಿದ. "ಕಾಲು ಬ್ಯಾಡ, ಹಲ್ಲು ಕಟ್ಟಿಸ್ಕೊಡು" ಎಂದ ಮುದುಕ. ಆಲೆಮನೆಯಲ್ಲಿ ಹೊನ್ನಯ್ಯ ಪಾಕ ನೋಡಲು ಬೇರೆಯವನನ್ನು ಇಟ್ಟುಕೊಂಡ. ಒಲೆಯ ಹತ್ತಿರ ಜಯಪ್ರಕಾಶನನ್ನು ಬಿಡಲಿಲ್ಲ. ಅಚ್ಚು ತುಂಬುವವರ ಲೆಕ್ಕ ನೋಡಿಕೊ ಎಂದ. ಊರಲ್ಲಿ ಕೆಲವರು ಅವನ ಲೋಟ ಬೇರೆ ಇಟ್ಟರು. ಚಿಕ್ಕಬೋರಮ್ಮ ಮಾತ್ರ ತಾನು ಕುಡಿದ ಲೋಟದಲ್ಲೇ ಅವನಿಗೆ ಮಜ್ಜಿಗೆ ಕೊಟ್ಟಳು, ಎಲ್ಲರಿಗೂ ಕಾಣುವಂತೆ, ಜಗಲಿಯ ಮೇಲೆ ಕೂರಿಸಿ.

ಎರಡನೆಯ ತಿಂಗಳ ಮಾತ್ರೆ ತಂದ ದಿನ ಅವನು ಹೊಳಲಿಗೆ ಹೋದ. ಒಳಗೆ ಕರೆಯುವವರೆಗೂ ಹೋಗಬಾರದೆಂದು ಜಗಲಿಯ ಮೇಲೆ ಕೂತ. ವೀಣ ಬಾಗಿಲವರೆಗೆ ಬಂದು ಮುಗಿದ ತಿಂಗಳ ಮಾತ್ರೆಯ ಹಾಳೆ ಇಸಿದುಕೊಂಡು ನೋಡಿದಳು. ಗುಳಿಗಳೆಲ್ಲ ಖಾಲಿಯಿದ್ದವು, ಒಂದು ಮಾತ್ರೆಯೂ ತಪ್ಪಿರಲಿಲ್ಲ. ವಾಪಸು ಕೊಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ.

ಕಂಬದ ಹಿಂದೆ ದೀಪಿಕ ನಿಂತಿದ್ದಳು. ಭುಜದ ಮೇಲೆ ಹೊಸ ಚರ್ಮ ಮಿರಮಿರ ಮಿಂಚುತ್ತಿತ್ತು. ಅಪ್ಪನ ಹತ್ತಿರ ಬರಲಿಲ್ಲ. ತುಸು ಹೊತ್ತು ನೋಡಿ, ಅಂಗಳದಿಂದ ಒಂದು ತೆಂಗಿನ ಕಡ್ಡಿ ಆಯ್ದುಕೊಂಡು, ಕಂಬದ ಮರೆಯಿಂದಲೇ ಕೈ ಚಾಚಿ ಅವನ ಎಡಗೈ ಬೆರಳಿಗೆ ಚುಚ್ಚಿದಳು.

"ಗೊತ್ತಾಯ್ತಾ?"

"ಇಲ್ಲ ಕಣವ್ವ."

ಅಂಗೈಗೆ ಚುಚ್ಚಿದಳು. "ಈಗ?"

"ಊಹೂಂ."

ಕಡ್ಡಿ ಮಣಿಕಟ್ಟು ದಾಟಿ ಮೇಲಕ್ಕೆ ಹೋಯಿತು. ಅವಳು ಕಂಬ ಬಿಟ್ಟು ಒಂದು ಹೆಜ್ಜೆ ಈಚೆ ಬಂದಿದ್ದಳು. "ಈಗ?"

"ಹೂಂ. ಅಲ್ಲಿ ಗೊತ್ತಾಯ್ತದೆ."

ಒಳಗೆ ಮುದ್ದೆ ತೊಳಸುವ ಸದ್ದು ನಿಂತಿತ್ತು. ವೀಣ ಕೇಳಿಸಿಕೊಳ್ಳುತ್ತಿದ್ದಾಳೆಂದು ಅವನಿಗೆ ತಿಳಿಯಿತು.

ದೀಪಿಕ ಕಡ್ಡಿಯನ್ನು ಬಲಗೈಯ ಕಡೆಗೆ ತಿರುಗಿಸಿದಳು. "ಆ ಕೈ?"

"ಈ ಕೈಗೆ ಎಲ್ಲಾ ಗೊತ್ತಾಯ್ತದೆ" ಎಂದ ಜಯಪ್ರಕಾಶ. ಬಲಗೈಯನ್ನು ತೊಡೆಯ ಕೆಳಗೆ ತೂರಿಸಿ, ಅದರ ಮೇಲೆಯೇ ಭಾರ ಬಿಟ್ಟು ಕೂತ.